ಬದುವಿಗೆ ಅಂಜನ ಹುಲ್ಲು | ಪಾವಗಡದ ನಮ್ಮ ಹೊಲದಿಂದ

ಗಾಳಿ ಸದ್ದು ಜಾಸ್ತಿ ಕೇಳಿಸುತ್ತಿದೆ ಅಲ್ವಾ? ಪಾವಗಡ ಕಡೆ ಆಷಾಢ ಅಂದರೆ ಹೀಗೇ. ಇವತ್ತು ಬದುವಿನ ಮೇಲೆ ಕುರಿ ಮೇವಿಗೆ ಅಂತ ಅಂಜನ ಹುಲ್ಲು ಹಾಕುತ್ತಿದ್ದೇವೆ. ಮಣ್ಣು ಕೆದಕಿದ್ದು, ಕಲ್ಲು ಆರಿಸಿದ್ದು ಎಲ್ಲ ನೀವೇ ನೋಡುತ್ತಿದ್ದೀರಿ.

ಬೀಜದ ರೇಟು ಮಾತ್ರ ಹೇಳಲೇಬೇಕು. ಕೆಜಿಗೆ 900 ರೂಪಾಯಿ! ಚೀಲ ಬಿಚ್ಚಿದರೆ ಕಡ್ಡಿ, ಹೊಟ್ಟು, ಮಣ್ಣು. ಇದು ರಾಗಿಯ ಹಾಗೆ ಬರೀ ಕಾಳಲ್ಲ, ಸುತ್ತ ಕೂದಲು ಇರುತ್ತದೆ. ಒಂದು ಹಿಡಿ ತೆಗೆದರೂ ಕೈಗೆ ತೂಕವೇ ಹತ್ತುವುದಿಲ್ಲ. ಒಳಗೆ ಕಾಳು ಇದೆಯೋ ಇಲ್ಲವೋ ಅಂತ ಉಜ್ಜಿಯೇ ನೋಡಬೇಕು. ಹತ್ತಿರದಿಂದ ತೋರಿಸುತ್ತೇನೆ, ನೋಡಿ. ಇದು ಜೊಳ್ಳು. ಇದೂ ಜೊಳ್ಳು. ಹಾಂ, ಇದರಲ್ಲಿ ಇದೆ, ಉಗುರಿನ ತುದಿಯಷ್ಟೂ ಇಲ್ಲ. ಯಾವಾಗ ಕೊಯ್ದದ್ದು ಅಂತ ಚೀಲದ ಮೇಲೆ ಎಲ್ಲೂ ಬರೆದಿಲ್ಲ. ಬೀಜ ಮಾರಿದವರಿಗೆ ಫೋನ್ ಮಾಡಿದರೆ "ಫ್ರೆಶ್ ಮಾಲು ಅಣ್ಣ, ಮೊನ್ನೆ ಬಂದಿದ್ದು" ಅಂದರು. ಫ್ರೆಶ್ ಆಗಿದ್ದರೇ ತೊಂದರೆ! ಹೊಸ ಬೀಜ ಕೆಲವು ತಿಂಗಳು ಸರಿಯಾಗಿ ಮೊಳೆಯುವುದಿಲ್ಲ. ಮಳೆ ನಂಬಿಕೊಂಡು ಬಿತ್ತುವವರಿಗೆ ಇದನ್ನು ಮೊದಲೇ ಹೇಳಬೇಕು. ಹೇಳದೆ ದುಡ್ಡು ತೆಗೆದುಕೊಳ್ಳುವುದು ಅನ್ಯಾಯ, ಅಷ್ಟೇ.

ಸರಿ, ಬೀಜದುಂಡೆ ಕಟ್ಟುವುದು ಬಂತು. ಈ ಗಾಳಿಯಲ್ಲಿ ಸುಮ್ನೆ ಎರಚಿದರೆ ನಮ್ಮ 900 ರೂಪಾಯಿ ಪಕ್ಕದ ಹೊಲಕ್ಕೆ ಹೋಗುತ್ತದೆ. ಅದಕ್ಕೇ ಜೇಡಿಮಣ್ಣು, ಸಗಣಿ ಸೇರಿಸಿ ಕಲಸಿದ್ದೇವೆ. ಮೇಲೆ ಒಂದು ಸೆಂಟಿಮೀಟರ್ ಮಣ್ಣು ಸಾಕು, ಆಳಕ್ಕೆ ಹೋದರೆ ಮೇಲೆ ಬರುವುದಿಲ್ಲ.

ಈ ಹುಲ್ಲೇ ಯಾಕೆ ಅಂದರೆ, ಕುರಿ ಇಷ್ಟಪಟ್ಟು ತಿನ್ನುತ್ತವೆ. ಬೇರು ಎರಡು ಮೀಟರ್ ತನಕ ಇಳಿಯುತ್ತದೆ. ಬೇಸಿಗೆಯಲ್ಲಿ ಒಣಗಿ ಸತ್ತಂತೆ ಕಂಡರೂ ಒಂದು ಹದ ಮಳೆಗೆ ಬುಡದಿಂದ ಚಿಗುರುತ್ತದೆ. ಒಂದು ಸಲ ಹಿಡಿದರೆ ವರ್ಷಗಟ್ಟಲೆ ಇರುತ್ತದೆ. ಕಡ್ಲೆಕಾಯಿ ಕೈಕೊಟ್ಟ ವರ್ಷವೂ ರೊಪ್ಪದಲ್ಲಿ ಮೇವಿರುತ್ತದೆ. ಎರಡು ಎಕರೆಗೂ ಇದನ್ನೇ ಹಾಕಿಬಿಡೋಣ ಅಂತ ನಾನು ಚಿಕ್ಕಪ್ಪನ ಹತ್ತಿರ ಹಟ ಮಾಡಿದ್ದೆ.

ಈಗ ಆ ಮಾತಿಲ್ಲ. ಬದುವಿಗೆ ಸಾಕು. ಇದೇ ಹುಲ್ಲು ಆಸ್ಟ್ರೇಲಿಯಾಕ್ಕೆ ಹೋಗಿ ಏನು ಮಾಡಿದೆ ಗೊತ್ತಾ? 1870ರ ಸುಮಾರಿಗೆ ಒಂಟೆಗಳ ಬೆನ್ನಿಗೆ ಕಟ್ಟುವ ಜೀನಿನೊಳಗೆ ತುಂಬಿದ್ದ ಹುಲ್ಲಿನ ಜೊತೆ ಬೀಜ ಹೋಯಿತು ಅಂತಾರೆ. ಆಮೇಲೆ ಮೇವಿಗೆ ಅಂತ ಅವರೇ ಬಿತ್ತಿದರು. ಈಗ ಅಲ್ಲಿನ ಒಣ ಸೀಮೆಯಲ್ಲಿ ಬೇರೆ ಗಿಡಕ್ಕೆ ಜಾಗ ಬಿಡದೆ ಹಬ್ಬಿದೆ. ಅಮೆರಿಕದ ಅರಿಜೋನಾದಲ್ಲಿ 2005ರಲ್ಲಿ ಇದನ್ನು ಕಳೆ ಅಂತ ಸರ್ಕಾರವೇ ಘೋಷಿಸಿತು. ಅಲ್ಲಿ ಸಗ್ವಾರೊ ಅಂತ ಮರದೆತ್ತರದ ಕಳ್ಳಿಗಳಿವೆ, ನೂರೈವತ್ತು ವರ್ಷ ಬದುಕುವಂಥವು. ಗಿಡಗಳ ನಡುವೆ ಬರೀ ನೆಲ ಇರುತ್ತಿದ್ದರಿಂದ ಬೆಂಕಿ ಹರಡುತ್ತಿರಲಿಲ್ಲ. ಈ ಹುಲ್ಲು ಆ ಸಂದನ್ನೆಲ್ಲ ತುಂಬಿತು. ಒಣಗಿದ ಮೇಲೆ ಒಂದು ಕಿಡಿ ಸಾಕು. ಕಳ್ಳಿ ಬೆಂದು ಸಾಯುತ್ತದೆ, ಹುಲ್ಲು ಮತ್ತೆ ಬುಡದಿಂದ ಎದ್ದು ಬರುತ್ತದೆ. ಜನ ಗುಡ್ಡ ಹತ್ತಿ ಹಾರೆಯಲ್ಲಿ ಮೀಟಿ ಕೀಳುತ್ತಿದ್ದಾರೆ.

ನಮ್ಮಲ್ಲಿ ಇದು ಹೊರಗಿನಿಂದ ಬಂದದ್ದಲ್ಲ, ಈ ನೆಲದ್ದೇ. ಮೇಯುವ ಕುರಿ, ದನ ಇವೆ. ಆದರೂ ಫೆಬ್ರವರಿ ಬಂದರೆ ನಮ್ಮ ಬೆಟ್ಟಗಳಿಗೂ ಬೆಂಕಿ ಬೀಳುತ್ತದೆ. ಕೊಯ್ಯದೆ, ಮೇಯಿಸದೆ ಬಿಟ್ಟರೆ ಇದೂ ಸೌದೆಯೇ.

ಹಾಗೇ ಇನ್ನೊಂದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಿದ್ದೀರಾ? ಕೃಷ್ಣಮೃಗಗಳ ಜಯಮಂಗಲಿ ಮೀಸಲು ಇರುವುದು ಅಲ್ಲೇ, 798 ಎಕರೆ. ಎಷ್ಟು ಚೆಂದದ ಬಯಲು! ಅಂಥ ಜಾಗ ನೋಡಿ "ಖಾಲಿ ಬಿದ್ದಿದೆ" ಅಂತ ಬೀಜದುಂಡೆ ಎಸೆಯಬೇಡಿ, ದಯವಿಟ್ಟು. ಅದು ಖಾಲಿ ಅಲ್ಲ. ಅಲ್ಲಿರುವ ಹುಲ್ಲು ಅಲ್ಲಿಗೆ ಸಾಕು.

ಅಯ್ಯೋ, ಆ ಕಡೆ ಬದು ಮುಗಿದೇಹೋಯಿತು, ಶಾಟ್ ಕಟ್ ಆಗುತ್ತದೆ. ಬೇಗ ಹೇಳಿಬಿಡುತ್ತೇನೆ. ತೆನೆ ಹಣ್ಣಾಗುವ ಮೊದಲೇ ಕೊಯ್ಯಿರಿ. ತೆನೆ ಇರುವಾಗ ಕುರಿ ಬಿಟ್ಟರೆ ಬೀಜ ತುಪ್ಪಟಕ್ಕೆ ಅಂಟಿ ಊರೆಲ್ಲ ಸುತ್ತುತ್ತದೆ. ಹತ್ತಿರದ ಯಾರದ್ದಾದರೂ ಹೊಲದಲ್ಲಿ ಹಳೇ ಬುಡ ಇದ್ದರೆ ಕೇಳಿ ತನ್ನಿ. ಬೇರಿನ ಸಮೇತ ಸೀಳಿ ನೆಟ್ಟರೆ ಹತ್ತಿಕೊಳ್ಳುತ್ತದೆ, ಬೀಜದ ದುಡ್ಡೇ ಬೇಡ. ಉಳಿದ ಎರಡು ಬದುವಿಗೆ ನಾವು ಹಾಗೇ ಮಾಡುತ್ತೇವೆ, ಚಿಕ್ಕಪ್ಪ ಆಗಲೇ ಗುದ್ದಲಿ ಹಿಡಿದು ಹೊರಟರು.