ಮೆರಿಡಾಳ ಬಿಲ್ಲು ಎಲ್ಲಿ ಹೋತು?

ನಮಸ್ಕಾರ್ರೀ ಎಲ್ಲರಿಗೂ. ಈಗ ನೀವು ನೋಡ್ತಿರೋದು ಹುಬ್ಬಳ್ಳಿಯ ದುರ್ಗದ ಬೈಲು. ಸಂಜೆ ಹೊತ್ತು, ಗದ್ದಲ ಸ್ವಲ್ಪ ಜಾಸ್ತಿ ಕೇಳಿಸುತ್ತೆ, ಸಹಿಸ್ಕೊಳ್ಳಿ. ಅಣ್ಣನ ಮಗಳಿಗೆ ಶಾಲೆ ಬ್ಯಾಗ್ ಕೊಡಿಸೋಕೆ ಬಂದಿದ್ದೇವೆ. ಎಂಟು ವರ್ಷದವಳು.

ಅಂಗಡಿಯವರು ಏನೂ ಕೇಳದೇನೇ ಗುಲಾಬಿ ಬ್ಯಾಗ್ ಇಳಿಸಿದರು. "ಹುಡಿಗ್ಯಾರಿಗೆ ಇದ ನಡೀತೈತ್ರಿ ಅಕ್ಕಾರ." ಮೇಲೆ ಸಾಲಾಗಿ ರಾಜಕುಮಾರಿಯರು. ಕೊನೆಯಲ್ಲಿ ಕೆಂಪು ಗುಂಗುರು ಕೂದಲಿನವಳು, 'ಬ್ರೇವ್' ಅನ್ನೋ ಕಾರ್ಟೂನ್ ಸಿನಿಮಾದ ಬಿಲ್ಲುಗಾರ್ತಿ ಮೆರಿಡಾ. ನಮ್ಮ ಹುಡುಗಿ ಬ್ಯಾಗನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ಅತ್ತಿ, ಇಕೀ ಬಿಲ್ಲು ಎಲ್ಲಿ ಹೋತು?"

ನನಗೆ ನಗು ಬಂತು. 2013ರಲ್ಲಿ ಇದೇ ಮಾತಿಗೆ ದೊಡ್ಡ ಗಲಾಟೆ ಆಗಿತ್ತು. ಡಿಸ್ನಿಯವರು ತಮ್ಮ ರಾಜಕುಮಾರಿಯರ ಸಾಲಿಗೆ ಮೆರಿಡಾಳನ್ನು ಸೇರಿಸುವಾಗ ಹೊಸ ಚಿತ್ರ ಬಿಟ್ಟರು. ಸೊಂಟ ಸಣ್ಣ, ಗೌನು ಮಿಣಮಿಣ, ಬಿಲ್ಲು ಮಾಯ. ಬೇಡ ಅಂತ 2 ಲಕ್ಷಕ್ಕೂ ಜಾಸ್ತಿ ಜನ ಆನ್‌ಲೈನ್ ಅರ್ಜಿಗೆ ಸಹಿ ಹಾಕಿದರು. ಮೆರಿಡಾಳನ್ನು ಹುಟ್ಟಿಸಿದ ಬ್ರೆಂಡಾ ಚಾಪ್‌ಮನ್ ಅವರೂ ಸಿಟ್ಟಾದರು. ಆಗದೇ ಇರ್ತಾರಾ? ಸ್ವಂತ ಮಗಳ ಹಟ ನೋಡಿ ಬರೆದ ಕಥೆ ಅದು. ಆ ಸಿನಿಮಾ ಮಾಡಿದ ಪಿಕ್ಸಾರ್ ಸ್ಟುಡಿಯೋದ ಪೂರ್ಣ ಚಿತ್ರಕ್ಕೆ ನಿರ್ದೇಶಕಿಯಾದ ಮೊದಲ ಹೆಣ್ಣುಮಗಳು ಅವರು. ಅರ್ಧದಲ್ಲಿ ಅವರನ್ನು ತೆಗೆದು ಬೇರೆಯವರನ್ನು ಕೂರಿಸಿದರು. ಆಸ್ಕರ್ ಮಾತ್ರ ಇಬ್ಬರಿಗೂ ಬಂತು.

ಆದರೆ ನನಗೆ ಆ ಸಿನಿಮಾದಲ್ಲಿ ಬಿಲ್ಲಿಗಿಂತ ಸೂಜಿ ಇಷ್ಟ. ಮೆರಿಡಾ ಸಿಟ್ಟಿನಲ್ಲಿ ಅವ್ವ ನೇಯ್ದ ಚಿತ್ರಪಟವನ್ನು ಕತ್ತಿಯಿಂದ ಸೀಳುತ್ತಾಳೆ. ಮುಂದೆ ಮಾಟದಿಂದ ಅವ್ವ ಕರಡಿ ಆಗಿಬಿಡ್ತಾಳೆ. ಕೊನೆಗೆ ಆ ಮಾಟ ಬಿಡಿಸೋಕೆ ಓಡುವ ಕುದುರೆ ಮೇಲೆ ಕೂತು ಅದೇ ಹರಿದ ಬಟ್ಟೆಗೆ ಹೊಲಿಗೆ ಹಾಕುತ್ತಾಳೆ ಮೆರಿಡಾ. ಧಾರವಾಡದ ಮನೆಯಲ್ಲಿ ಇದನ್ನು ನೋಡುವಾಗ ನಮ್ಮವ್ವ ಪಕ್ಕದಲ್ಲೇ ಕಸೂತಿ ಹಾಕ್ತಾ ಕೂತಿದ್ದಳು. ಕಸೂತಿಯಲ್ಲಿ ಗಂಟು ಹಾಕಂಗಿಲ್ಲ, ಗವಂತಿ ಹೊಲಿಗೆ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಅವ್ವ ಕನ್ನಡಕದ ಮೇಲಿಂದ ಟಿವಿ ನೋಡಿ ಅಂದಳು, "ಇಷ್ಟ ಉದ್ದ ಹೊಲಿಗಿ ಹಾಕಿದ್ರ ನಿಲ್ತಾವೇನು? ಇರ್ಲಿ, ಪಾಪ, ಅವಸರದಾಗ ಅದಾಳ."

ನಮ್ಮ ಮಾಸ್ ಸಿನಿಮಾಗಳಲ್ಲಿ ಸ್ಟ್ರಾಂಗ್ ಹುಡುಗಿ ಅಂದ್ರೆ ಏನು ಹೇಳಿ? ಎಂಟ್ರಿಯಲ್ಲಿ ನಾಲ್ಕು ಜನಕ್ಕೆ ಒದೀತಾಳೆ, ಇಂಟರ್ವಲ್ ಆದಮೇಲೆ ಹೀರೋ ಬಂದು ಬಿಡಿಸ್ಕೊಂಡು ಹೋಗ್ತಾನೆ. ಆ ಒದೆಯೆಲ್ಲಾ ಎಲ್ಲಿ ಹೋತು? ಅದಕ್ಕಿಂತ ಜಪಾನಿನ 'ಸ್ಪಿರಿಟೆಡ್ ಅವೇ' ನೋಡಿ, 2001ರದ್ದು. ಅದರ ನಾಯಕಿ ಚಿಹಿರೋಗೆ ಹತ್ತು ವರ್ಷ. ಕತ್ತಿ ಇಲ್ಲ, ಬಿಲ್ಲಿಲ್ಲ. ದೇವರುಗಳು ಬರೋ ಸ್ನಾನದ ಮನೆಯಲ್ಲಿ ನೆಲ ಒರೆಸುತ್ತಾಳೆ, ತೊಟ್ಟಿ ತಿಕ್ಕುತ್ತಾಳೆ. ಒಂದು ಕಡೆ ಅನ್ನದ ಉಂಡೆ ಬಾಯಿಗಿಟ್ಟವಳಿಗೆ ಅಳು ತಡೆಯೋಕಾಗಲ್ಲ. ದಪ್ಪ ದಪ್ಪ ಕಣ್ಣೀರು. ಅಳ್ತಾ ಅಳ್ತಾನೇ ತಿಂತಾಳೆ. ಆಮೇಲೆ ಮತ್ತೆ ಕೆಲಸಕ್ಕೆ ಹೋಗ್ತಾಳೆ.

ಅಂತೂ ಅದೇ ಗುಲಾಬಿ ಬ್ಯಾಗ್ ತಗೊಂಡು ಚಿಗರಿ ಬಸ್ ಹತ್ತಿದೆವು. ಕಂದು ಬಣ್ಣದ್ದು ಬೇಕಿತ್ತು, ಅದರ ಜಿಪ್ ಸರಿಯಿರಲಿಲ್ಲ. ಮನೆಗೆ ಬಂದವಳೇ ಅಜ್ಜಿ ಮುಂದೆ ಬ್ಯಾಗ್ ಇಟ್ಟಳು, "ಇಲ್ಲೊಂದು ಬಿಲ್ಲು ಹೊಲದು ಕೊಡ." ಅವ್ವ ಕರಿ ದಾರ ಪೋಣಿಸಿ ಕೂತಳು. ರೆಕ್ಸಿನ್ ದಪ್ಪ, ಎರಡು ಹೊಲಿಗೆಗೇ ಸೂಜಿ ಬಗ್ಗಿತು. ಈಗ ಹುಡುಗಿನೇ ಸ್ಕೆಚ್ ಪೆನ್ನಿನಲ್ಲಿ ಬರೆದಿದ್ದಾಳೆ, ನೋಡಿ. ಬಾಣ ಬಿಲ್ಲಿಗಿಂತ ದೊಡ್ಡದಾಗಿದೆ.