ಕ್ರಿಕೆಟ್ ಮನೆ ಹುಡುಗ ಬೇಸ್‌ಬಾಲ್ ಸ್ಟಾರ್ ಆಗಿದ್ದು

ನಮಸ್ಕಾರ ಎಲ್ರಿಗೂ, ಇವತ್ತು ಜಾರ್ಜ್ ರೈಟ್ ಅನ್ನೋ ಆಟಗಾರನ ಕಥೆ. 1847ರಲ್ಲಿ ನ್ಯೂಯಾರ್ಕ್ ಪಕ್ಕದ ಯಾಂಕರ್ಸ್‌ನಲ್ಲಿ ಹುಟ್ಟಿದ್ದು, ಅಪ್ಪ ಇಂಗ್ಲೆಂಡಿಂದ ಬಂದು ಅಲ್ಲಿ ಕ್ಲಬ್‌ನಲ್ಲಿ ಸಂಬಳಕ್ಕೆ ಕ್ರಿಕೆಟ್ ಆಡ್ತಿದ್ದೋರು, ಅಣ್ಣ ಹ್ಯಾರಿನೂ ಮೊದಲು ಕ್ರಿಕೆಟರ್ರೇ. ನಮ್ಮ ಆಟದ ಮನೆ ಹುಡುಗ ಅಂದ್ಕೊಳ್ಳಿ.

ಆಗ ಬೇಸ್‌ಬಾಲ್‌ನಲ್ಲಿ ದುಡ್ಡು ತಗೊಂಡು ಆಡೋ ಹಾಗಿಲ್ಲ, ಆದ್ರೆ ಒಳಗೊಳಗೇ ಕೊಡ್ತಿದ್ರು. 1867ರಲ್ಲಿ ವಾಷಿಂಗ್ಟನ್ ಕ್ಲಬ್ ಇವನನ್ನ ಸರ್ಕಾರಿ ಗುಮಾಸ್ತ ಅಂತ ಪಟ್ಟಿಯಲ್ಲಿ ಹಾಕಿತ್ತು, ಕೊಟ್ಟಿದ್ದ ಆಫೀಸ್ ಅಡ್ರೆಸ್ ಹುಡುಕಿದ್ರೆ ಅಲ್ಲಿರೋದು ಪಾರ್ಕು ಅಂತೆ!

ಈ ನಾಟಕ ನಿಂತಿದ್ದು 1869ರಲ್ಲಿ. ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್ ಎಲ್ಲಾ ಆಟಗಾರರಿಗೂ ಓಪನ್ ಆಗಿ ಸಂಬಳ ಕೊಡ್ತು, ಕ್ಯಾಪ್ಟನ್ ಹ್ಯಾರಿಗೆ 1,200 ಡಾಲರ್, ತಮ್ಮ ಜಾರ್ಜ್‌ಗೆ 1,400. ಆ ವರ್ಷ ರೈಲಲ್ಲಿ ಸ್ಯಾನ್ ಫ್ರಾನ್ಸಿಸ್ಕೋವರೆಗೂ ಹೋಗಿ ಆಡಿದ್ರು, ಒಂದು ಮ್ಯಾಚೂ ಸೋಲ್ಲಿಲ್ಲ.

ಸೋತಿದ್ದು 1870ರ ಜೂನ್ 14ಕ್ಕೆ, ಬ್ರೂಕ್ಲಿನ್‌ನಲ್ಲಿ, ಅಟ್ಲಾಂಟಿಕ್ಸ್ ಟೀಮ್ ಎದುರು. ಮ್ಯಾಚಿಗೆ ಇರೋ ಒಂಬತ್ತು ಇನ್ನಿಂಗ್ಸ್ ಮುಗಿದಾಗ 5-5, ಡ್ರಾ ಸಾಕು ಅಂತ ಅಟ್ಲಾಂಟಿಕ್ಸ್‌ನವರು ಹೊರಟೇಬಿಟ್ಟಿದ್ರು, ಹ್ಯಾರಿ ಬಿಡಲಿಲ್ಲ. ಹತ್ತನೇ ಇನ್ನಿಂಗ್ಸಲ್ಲಿ ಜಾರ್ಜ್ ಒಂದು ಕಿತಾಪತಿ ಮಾಡ್ದ ನೋಡಿ. ಮೇಲಕ್ಕೆ ಹೋದ ಸುಲಭದ ಬಾಲು, ಕ್ಯಾಚ್ ಗ್ಯಾರಂಟಿ ಅಂತ ಓಡೋರು ಬೇಸಲ್ಲೇ (ರನ್ನಿಗೆ ಒಂದೊಂದಾಗಿ ಮುಟ್ಟಬೇಕಾದ ಗುರುತಲ್ಲೇ) ನಿಂತಿದ್ದಾರೆ, ಇವನು ಬೇಕಂತ್ಲೇ ಕೈಬಿಟ್ಟ, ಕ್ಯಾಚ್ ಆಗಲಿಲ್ಲ ಅಂದ್ಮೇಲೆ ಹೊಡೆದವನಿಗೆ ಜಾಗ ಬಿಟ್ಟು ಅವರು ಮುಂದಿನ ಬೇಸಿಗೆ ಓಡಲೇಬೇಕಲ್ಲ, ಅಷ್ಟರಲ್ಲಿ ಬಾಲ್ ಎತ್ತಿ ಎಸೆದು ಒಂದರ ಬದಲು ಎರಡು ಔಟ್! ಕೈಗೆ ಗ್ಲೌಸ್ ಕೂಡ ಇಲ್ಲದ ಕಾಲ ಅದು. ಇಂಥ ತಂತ್ರ ತಡೆಯೋಕಂತಾನೇ ಆಮೇಲೆ 1890ರ ದಶಕದಲ್ಲಿ ಇನ್‌ಫೀಲ್ಡ್ ಫ್ಲೈ ರೂಲ್ (ಇಂಥ ಬಾಲು ಕೈಬಿಟ್ರೂ ಹೊಡೆದವನು ಔಟ್ ಅನ್ನೋದು) ತಂದ್ರು. ಇಷ್ಟೆಲ್ಲಾ ಮಾಡಿದ್ರೂ ಹನ್ನೊಂದನೇ ಇನ್ನಿಂಗ್ಸಲ್ಲಿ 8-7ಕ್ಕೆ ಸೋತ್ರು, ಡ್ರಾ ಒಪ್ಕೊಂಡಿದ್ರೆ ಆಗ್ತಿತ್ತು ಅಂತ ನನಗೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಆಮೇಲೆ ಅಣ್ಣ ತಮ್ಮ ಬೋಸ್ಟನ್‌ಗೆ ಹೋದ್ರು, 1872ರಿಂದ 75ರವರೆಗೆ ಸತತ ನಾಲ್ಕು ಸಲ ಚಾಂಪಿಯನ್. ಜಾರ್ಜ್ ಅಲ್ಲೇ ರೈಟ್ ಅಂಡ್ ಡಿಟ್ಸನ್ ಅಂತ ಸ್ಪೋರ್ಟ್ಸ್ ಸಾಮಾನಿನ ವ್ಯಾಪಾರನೂ ಶುರು ಮಾಡ್ದ, ಟೆನಿಸ್ಸು, ಗಾಲ್ಫು ಎಲ್ಲಾ. ಮಗ ಬೀಲ್ಸ್ 1905ರಲ್ಲಿ ಅಮೆರಿಕದ ಟೆನಿಸ್ ಚಾಂಪಿಯನ್ನೇ ಆದ.

ಮಜಾ ಇರೋದು 1879ರಲ್ಲಿ. ಜಾರ್ಜ್ ಅಣ್ಣನ್ನ ಬಿಟ್ಟು ಪ್ರಾವಿಡೆನ್ಸ್ ಟೀಮಿಗೆ ಮ್ಯಾನೇಜರ್ ಆಗಿ ಹೋದ, ಲೀಗ್ ಗೆದ್ದ, ಎರಡನೇ ಸ್ಥಾನಕ್ಕೆ ಬಂದಿದ್ದು ಹ್ಯಾರಿಯ ಬೋಸ್ಟನ್ನೇ! ಅದೊಂದೇ ಸೀಸನ್, ಮತ್ತೆ ಮ್ಯಾನೇಜರ್ ಕೆಲಸದ ಕಡೆ ತಲೆ ಹಾಕಲಿಲ್ಲ.