ಸದ್ದು ಅಡಗಿದರೆ ಸೋರಿಕೆ ನಿಂತಂತಲ್ಲ

ಕೇಳುಗರಿಗೆ ನಮಸ್ಕಾರ.

ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುತ್ತಲೇ ಬಾನೆಟ್ ಒಳಗಿಂದ ಟಕ್ ಟಕ್ ಟಕ್ ಎಂಬ ಸದ್ದು. ಆಕ್ಸಿಲರೇಟರ್ ಒತ್ತಿದರೆ ಸದ್ದೂ ಚುರುಕಾಗುತ್ತದೆ. ಸ್ವಲ್ಪ ದೂರ ಓಡಿಸಿದ ಮೇಲೆ ತಾನಾಗಿಯೇ ಅಡಗುತ್ತದೆ. ಸರಿಹೋಯಿತು ಅಂದುಕೊಳ್ಳುತ್ತೇವೆ. ಇಲ್ಲ, ಕಾದ ಲೋಹ ಹಿಗ್ಗಿ, ಇಂಜಿನ್ನಿನ ಹೊಗೆ ಸೋರುತ್ತಿದ್ದ ಸಂದನ್ನು ಮುಚ್ಚಿದೆ, ಅಷ್ಟೆ.

ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿಗೂ, ಅದರ ಹೊಗೆಯನ್ನು ಕೂಡಿಸಿ ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೂ ನಡುವೆ, ಸಂದು ಮುಚ್ಚಲು ಒಂದು ತೆಳುವಾದ ಗ್ಯಾಸ್ಕೆಟ್ ಇರುತ್ತದೆ. ದಿನವೂ ಕಾದು, ಆರಿ, ಮತ್ತೆ ಕಾದು ಅದು ಸುಟ್ಟುಹೋಗುತ್ತದೆ. ಅಲ್ಲಿಂದ ಹೊಗೆ ನುಗ್ಗುವ ಸದ್ದೇ ಈ ಟಕ್ ಟಕ್. ಇದನ್ನು ಇಂಜಿನ್ನಿನ ವಾಲ್ವ್ ತೆರೆಯುವ ಟ್ಯಾಪೆಟ್‌ನ ಸದ್ದೆಂದು ತಿಳಿದು ಮೋಸಹೋಗುವವರು ಬಹಳ. ಇಂಜಿನ್ ಆರಿದಾಗ ಟಾರ್ಚ್ ಬೆಳಕು ಹಾಯಿಸಿ ಜೋಡಣೆಯ ಅಂಚು ನೋಡಿ. ಸೋರುವ ಕಡೆ ಕರಿಮಸಿ ಬೀಸಣಿಗೆಯಂತೆ ಹರಡಿರುತ್ತದೆ.

ನನಗೆ ಸದ್ದಿಗಿಂತ ಹೆಚ್ಚಿನ ಭಯ ಆ ಹೊಗೆಯದು. ಅದರಲ್ಲಿರುವ ಕಾರ್ಬನ್ ಮೋನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರೊಳಗೆ ಹೊಗೆ ವಾಸನೆ ಬಂದರೆ, ಅದಿಲ್ಲದೆಯೂ ತಲೆ ಭಾರವಾದರೆ, ಕಿಟಕಿ ಇಳಿಸಿ, ಕಾರು ನಿಲ್ಲಿಸಿ, ಹೊರಗೆ ಬನ್ನಿ. ರಿಪೇರಿ ಆಗುವ ತನಕ ಅದನ್ನು ಓಡಿಸಲೇಬೇಡಿ.

ಇನ್ನು ಗ್ಯಾಸ್ಕೆಟ್ ಬದಲಿಸುವ ಕೆಲಸ. ಇಂಜಿನ್ ಪೂರ್ತಿ ತಣ್ಣಗಿರಬೇಕು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿರಬೇಕು. ಅವಸರ ಮಾಡಿದರೆ ಕೆಡುವುದು ಮ್ಯಾನಿಫೋಲ್ಡ್‌ನ ನಟ್ ಬಿಚ್ಚುವಾಗಲೇ. ಒಮ್ಮೆ ನಾನೂ ತುಕ್ಕು ಹಿಡಿದ ನಟ್ಟಿಗೆ ಬಲ ಹಾಕಿದೆ. ಸ್ಪ್ಯಾನರ್ ಥಟ್ಟನೆ ಹಗುರಾಯಿತು, ನಟ್ ಕೂರುವ ಮರೆಯ ಕಡ್ಡಿ, ಅಂದರೆ ಸ್ಟಡ್, ಹೆಡ್ಡಿನೊಳಗೇ ಮುರಿದಿತ್ತು. ಒಂದು ಗಂಟೆಯ ಕೆಲಸ ಎರಡು ದಿನ ಹಿಡಿಯಿತು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ನೆನೆಯಲು ಬಿಡಿ. ನಟ್ಟನ್ನು ಸ್ವಲ್ಪ ಸಡಿಲಿಸಿ, ಸ್ವಲ್ಪ ಬಿಗಿದು, ಮತ್ತೆ ಸಡಿಲಿಸುತ್ತಾ ತೆಗೆಯಿರಿ.

ಹಳೆಯ ಗ್ಯಾಸ್ಕೆಟ್‌ನ ಚೂರುಗಳನ್ನು ಕೆರೆದು ತೆಗೆಯುವಾಗ ಕೈ ಹಗುರವಾಗಿರಲಿ. ಅಲ್ಯೂಮಿನಿಯಂ ಹೆಡ್ ಆದರೆ ಗೀರು ಬಿದ್ದ ಜಾಗದಲ್ಲೇ ಮತ್ತೆ ಸೋರುತ್ತದೆ. ಮ್ಯಾನಿಫೋಲ್ಡ್ ಮುಖದ ಮೇಲೆ ನೇರವಾದ ಉಕ್ಕಿನ ಪಟ್ಟಿ ಇಟ್ಟು ನೋಡಿ. ಅಡಿಯಲ್ಲಿ ಬೆಳಕು ಕಂಡರೆ ಅದು ಸೊಟ್ಟಗಾಗಿದೆ, ಎಷ್ಟು ಸೊಟ್ಟ ಎಂದು ಮೆಕ್ಯಾನಿಕ್‌ಗೆ ತೋರಿಸದೆ ಮುಂದುವರಿಯಬೇಡಿ. ಹೊಸ ಗ್ಯಾಸ್ಕೆಟ್ ಕೂರಿಸಿ ನಟ್‌ಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಎಷ್ಟು ಬಿಗಿಯಬೇಕೆಂಬ ಲೆಕ್ಕ ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ಬಿಗಿತ ಅಳೆಯುವ ಟಾರ್ಕ್ ರೆಂಚ್ ಇಲ್ಲದೆ ಕೈ ಅಂದಾಜಿಗೆ ಬಿಡಬೇಡಿ.

ಮರುದಿನ ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗಲೇ, ಬ್ಯಾಟರಿ ವೈರ್ ಮತ್ತೆ ಜೋಡಿಸಿ, ಕಾರನ್ನು ಬಯಲಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ. ಬಾನೆಟ್ ಎತ್ತಿ ಕಿವಿಗೊಡಿ. ಆ ಮೊದಲ ನಿಮಿಷದಲ್ಲೂ ಟಕ್ ಟಕ್ ಕೇಳದಿದ್ದರೆ ಕೆಲಸ ಮುಗಿದಂತೆ.

ನಮಸ್ಕಾರ.